ಮಾತ್ರೆ ಕೊಟ್ಟ ಕೈ



2022ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಫೋರ್ಟ್ ವರ್ತ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಮ್ಯಾಟ್ ಹಾರ್ವಿ ಎಂಬ ಬೇಸ್‌ಬಾಲ್ ಆಟಗಾರರು ಸಾಕ್ಷಿಕಟ್ಟೆ ಹತ್ತಿದರು. ತಂಡದ ಜೊತೆಗಾರ ಟೈಲರ್ ಸ್ಕ್ಯಾಗ್ಸ್ ಅವರಿಗೆ ತಾವು ಪರ್ಕೊಸೆಟ್ ಎಂಬ ನೋವಿನ ಮಾತ್ರೆ ಕೊಟ್ಟದ್ದುಂಟು ಎಂದು ಪ್ರಮಾಣ ಮಾಡಿ ಒಪ್ಪಿಕೊಂಡರು. ಆ ಹೊತ್ತಿಗೆ ಸ್ಕ್ಯಾಗ್ಸ್ ತೀರಿಕೊಂಡು ಎರಡೂವರೆ ವರ್ಷ ದಾಟಿತ್ತು. ಅವರ ಸಾವಿಗೆ ಕಾರಣವಾದ ಮಾತ್ರೆಯನ್ನು ಕೊಟ್ಟ ಆರೋಪ ಹಾರ್ವಿ ಮೇಲಿರಲಿಲ್ಲ. ಅದು ಬೇರೊಬ್ಬರ ಮೇಲಿತ್ತು. ಜೊತೆಗಾರನೊಬ್ಬನಿಗೆ ನೆರವಾಗುತ್ತಿದ್ದೇನೆ ಎಂದಷ್ಟೇ ಆಗ ತಮಗೆ ಅನಿಸಿತ್ತು ಎಂಬ ಅರ್ಥದ ಮಾತನ್ನು ಹಾರ್ವಿ ಆಡಿದರು. ಇಂದು ನಾನು ಮಾತನಾಡಬೇಕೆಂದಿರುವುದು ಆ ನೆರವಿನ ಬಗ್ಗೆ.

ಸ್ಕ್ಯಾಗ್ಸ್ ಕ್ಯಾಲಿಫೋರ್ನಿಯಾದ ಹುಡುಗ. ಸಾಂತಾ ಮೋನಿಕಾದ ಶಾಲೆಯಿಂದ ನೇರವಾಗಿ 2009ರಲ್ಲಿ ಏಂಜಲ್ಸ್ ತಂಡ ಅವರನ್ನು ಆರಿಸಿಕೊಂಡಿತು. ನಡುವೆ ಅರಿಜೋನಾಕ್ಕೆ ಹೋದರು, ಮತ್ತೆ ಏಂಜಲ್ಸ್‌ಗೆ ಮರಳಿದರು. ಎಡಗೈ ಪಿಚರ್, ಅಂದರೆ ಚೆಂಡೆಸೆಯುವವರು. 2019ರ ಜೂನ್ 30ರಂದು ತಂಡ ಟೆಕ್ಸಸ್‌ಗೆ ವಿಮಾನದಲ್ಲಿ ಹೊರಟಾಗ ಆಟಗಾರರೆಲ್ಲ ಕೌಬಾಯ್ ವೇಷ ತೊಟ್ಟಿದ್ದರು. ಆ ಫೋಟೊದಲ್ಲಿ ಸ್ಕ್ಯಾಗ್ಸ್ ಕೂಡ ಇದ್ದಾರೆ. ಮರುದಿನ ಸೌತ್‌ಲೇಕ್ ಎಂಬ ಊರಿನ ಹೋಟೆಲ್ ಕೋಣೆಯಲ್ಲಿ ಅವರ ಹೆಣ ಸಿಕ್ಕಿತು. ವಯಸ್ಸು 27. ದೇಹದಲ್ಲಿ ಮದ್ಯ ಮತ್ತು ಅಫೀಮು ಬಗೆಯ ಔಷಧಗಳಾದ ಆಕ್ಸಿಕೊಡೋನ್, ಫೆಂಟನಿಲ್ ಇದ್ದವು. ಪ್ರಜ್ಞೆಯಿಲ್ಲದೆ ವಾಂತಿ ಮಾಡಿಕೊಂಡು, ಅದೇ ಉಸಿರುಗಟ್ಟಿಸಿತ್ತು ಎಂದು ಮರಣೋತ್ತರ ಪರೀಕ್ಷೆಯ ವರದಿ ಹೇಳಿತು. ಜುಲೈ 12ರಂದು ತಂಡ ತನ್ನ ಮೈದಾನಕ್ಕೆ ಮರಳಿದಾಗ ಎಲ್ಲ ಆಟಗಾರರೂ ಅವರ 45ನೇ ಸಂಖ್ಯೆಯ ಅಂಗಿ ತೊಟ್ಟಿದ್ದರು. ಮೊದಲ ಚೆಂಡನ್ನು ಅವರ ತಾಯಿ ಎಸೆದರು. ಆ ದಿನ ಎದುರಾಳಿ ಸಿಯಾಟಲ್ ತಂಡಕ್ಕೆ ಒಂದೇ ಒಂದು ಹಿಟ್ ಕೂಡ ಸಿಗಲಿಲ್ಲ. ಏಂಜಲ್ಸ್ 13-0ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಆಟಗಾರರು ತಮ್ಮ ಅಂಗಿಗಳನ್ನು ಬಿಚ್ಚಿ ಪಿಚರ್ ನಿಲ್ಲುವ ದಿಬ್ಬದ ಮೇಲೆ ಹಾಸಿದರು. ಇನ್ನೊಂದು ದಿನ ಕಳೆದಿದ್ದರೆ ಸ್ಕ್ಯಾಗ್ಸ್‌ಗೆ 28 ತುಂಬುತ್ತಿತ್ತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಪಿಚರ್‌ನ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ನಮ್ಮ ವೇಗದ ಬೌಲರ್ ಓಡಿಬಂದು, ಮೊಣಕೈಯನ್ನು ಹೆಚ್ಚು ಬಗ್ಗಿಸದೆ ಚೆಂಡು ಬಿಡುತ್ತಾನೆ. 15 ಡಿಗ್ರಿಗಿಂತ ಹೆಚ್ಚು ನೇರವಾಯಿತೆಂದರೆ ಅದು ಥ್ರೋ. ಪಿಚರ್‌ಗೆ ಓಟವೇ ಇಲ್ಲ. ನಿಂತಲ್ಲಿಂದಲೇ ಒಂದು ಹೆಜ್ಜೆ ಮುಂದಿಟ್ಟು, ಭುಜ ಹಿಂದಕ್ಕೆ ತಿರುಗಿಸಿ, ಬಗ್ಗಿದ ಮೊಣಕೈಯನ್ನು ಬೀಸಿ, ಸುಮಾರು ಹದಿನೆಂಟೂವರೆ ಮೀಟರ್ ಆಚೆಗೆ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎಸೆಯಬೇಕು. ಒಂದು ಪಂದ್ಯದಲ್ಲಿ ತೊಂಬತ್ತು, ನೂರು ಸಲ. ಆ ಬೀಸಿನ ಭಾರವೆಲ್ಲ ಮೊಣಕೈಯ ಒಳಬದಿಯ ಒಂದು ಪುಟ್ಟ ಅಸ್ಥಿರಜ್ಜಿನ ಮೇಲೆ ಬೀಳುತ್ತದೆ. ಅದು ಹರಿದರೆ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತಂದು, ಮೂಳೆಯಲ್ಲಿ ರಂಧ್ರ ಕೊರೆದು ಕಟ್ಟುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಇಂದಿಗೂ ಅದಕ್ಕೆ ಆತನದೇ ಹೆಸರು. ಹಾರ್ವಿಗೆ 2013ರಲ್ಲಿ, ಸ್ಕ್ಯಾಗ್ಸ್‌ಗೆ 2014ರಲ್ಲಿ ಆ ಶಸ್ತ್ರಚಿಕಿತ್ಸೆ ಆಯಿತು. ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಮೇಲೆ ಬೇಕು. ಕೈ ನೋಯದ ಪಿಚರ್ ಇಲ್ಲವೆಂದೇ ಹೇಳಬೇಕು. ಯಾವ ನೋವು ಆಡಬಹುದಾದದ್ದು, ಯಾವುದು ಹರಿಯುವ ಮುನ್ಸೂಚನೆ ಎಂಬುದನ್ನು ಅವನೇ ಊಹಿಸಬೇಕು. ಮಾತ್ರೆ ನುಂಗಿದರೆ ಆ ಸೂಚನೆಯೂ ಅವನಿಗೆ ಕೇಳಿಸುವುದಿಲ್ಲ.

ಇಷ್ಟಾದರೂ ಅವನು ವೈದ್ಯರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳುವುದಿಲ್ಲ. ಯಾಕೆ?

ಮೇಜರ್ ಲೀಗ್ ತಂಡವೊಂದರಲ್ಲಿ 2019ರಲ್ಲಿ ಆಡಲು ಅರ್ಹರಾಗಿರುತ್ತಿದ್ದವರು 25 ಜನ. ಅವರೂ ಸೇರಿ 40 ಹೆಸರುಗಳ ದೊಡ್ಡ ಪಟ್ಟಿ ಒಂದಿರುತ್ತದೆ. ಅದರ ಕೆಳಗೆ ಮೈನರ್ ಲೀಗ್‌ಗಳ ಮೆಟ್ಟಿಲುಗಳು. ಮೇಲೆ ಒಬ್ಬ ಪಿಚರ್‌ನ ಕೈ ಸೋತರೆ ಕೆಳಗಿನಿಂದ ಇನ್ನೊಬ್ಬನಿಗೆ ಕರೆ ಹೋಗುತ್ತದೆ. ರಾತ್ರಿ ಫೋನು, ಬೆಳಿಗ್ಗೆ ವಿಮಾನ, ಸಂಜೆ ಮೈದಾನ. ವಾರ ಕಳೆಯುವಷ್ಟರಲ್ಲಿ ಮತ್ತೆ ಕೆಳಕ್ಕೆ ಕಳುಹಿಸಿದರೂ ಆಶ್ಚರ್ಯವಿಲ್ಲ. ಸ್ಕ್ಯಾಗ್ಸ್ ಕೂಡ 2013ರಲ್ಲಿ ಅರಿಜೋನಾ ತಂಡ ಮತ್ತು ಅದರ ಕೆಳಗಿನ ರೀನೋ ತಂಡದ ನಡುವೆ ಹೀಗೆ ಓಡಾಡಿದವರೇ. ಒಬ್ಬನೇ ಆಟಗಾರನನ್ನು ಒಂದು ಋತುವಿನಲ್ಲಿ ಐದಕ್ಕಿಂತ ಹೆಚ್ಚು ಸಲ ಕೆಳಕ್ಕೆ ಕಳುಹಿಸಬಾರದು ಎಂದು 2022ರಲ್ಲಿ ನಿಯಮವನ್ನೇ ಮಾಡಬೇಕಾಯಿತು; ಅದಕ್ಕೆ ಮೊದಲು ಮಿತಿಯೇ ಇರಲಿಲ್ಲ. ಹಣದ ಅಂತರವನ್ನೂ ಕೇಳಿ. 2019ರಲ್ಲಿ ಮೇಲಿನ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 5,55,000 ಡಾಲರ್. ಒಂದೇ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಲೀಗಿನಲ್ಲಿ ಕನಿಷ್ಠ ವೇತನ ವಾರಕ್ಕೆ 502 ಡಾಲರ್, ಅದೂ ಋತು ನಡೆಯುವಷ್ಟು ತಿಂಗಳು ಮಾತ್ರ. ಗಾಯಗೊಂಡವನಿಗೆ ಸಂಬಳ ನಿಲ್ಲುವುದಿಲ್ಲ, ನಿಜ. ಆದರೆ ಅವನು ಮಲಗಿರುವಾಗ ಅವನ ಜಾಗದಲ್ಲಿ ಬಂದವನು ಚೆನ್ನಾಗಿ ಎಸೆದುಬಿಟ್ಟರೆ?

ಕೇಳುಗರೇ, ಇದರಲ್ಲಿ ಇನ್ನೊಂದು ವಿಷಯವಿದೆ. ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮೈನರ್ ಲೀಗ್ ಹುಡುಗರ ಮೂತ್ರವನ್ನು ಆ ಕಾಲದಲ್ಲಿ ಅಫೀಮು ಬಗೆಯ ಔಷಧಗಳಿಗಾಗಿಯೂ ಪರೀಕ್ಷಿಸುತ್ತಿದ್ದರು. ಬಡ್ತಿ ಪಡೆದು ಆ 40ರ ಪಟ್ಟಿಗೆ ಸೇರಿದವರಿಗೆ ಆ ಪರೀಕ್ಷೆ ವಾಡಿಕೆಯಾಗಿ ಇರಲಿಲ್ಲ. ಅನುಮಾನಕ್ಕೆ ಕಾರಣ ಸಿಕ್ಕರೆ ಮಾತ್ರ. ಆಟಗಾರರ ಸಂಘ ತನ್ನ ಸದಸ್ಯರ ಖಾಸಗಿತನ ಕಾಪಾಡಲು ಹೋರಾಡಿ ಪಡೆದ ರಕ್ಷಣೆ ಅದು, ಅದರ ಹಿಂದಿನ ಉದ್ದೇಶ ಕೆಟ್ಟದ್ದಲ್ಲ. ಆದರೆ ಫಲ ಏನಾಯಿತು? ಕೈಯ ಮೇಲೆ ಅತಿ ಹೆಚ್ಚು ಭಾರ ಬೀಳುವ, ಜಾಗ ಕಳೆದುಕೊಳ್ಳುವ ಭಯ ಅತಿ ಹೆಚ್ಚಿರುವ ಮೆಟ್ಟಿಲಿನಲ್ಲೇ ಕಾವಲು ಇಲ್ಲದಂತಾಯಿತು.

ಹಾರ್ವಿಯ ಕಥೆ ನೋಡಿದರೆ ಈ ಭಯ ಬರಿಯ ಹಣದ್ದಲ್ಲ ಎಂದು ಗೊತ್ತಾಗುತ್ತದೆ. ನ್ಯೂಯಾರ್ಕಿನ ಮೆಟ್ಸ್ ತಂಡದಲ್ಲಿ ಅವರು 2013ರ ಹೊತ್ತಿಗೆ ದೇಶದ ಕಣ್ಮಣಿ. ಆ ವರ್ಷದ ಆಲ್-ಸ್ಟಾರ್ ಪಂದ್ಯ ಅವರ ತವರು ಮೈದಾನದಲ್ಲೇ ನಡೆಯಿತು, ಅದರ ಮೊದಲ ಚೆಂಡು ಎಸೆದವರು ಅವರೇ. ಮುಂದಿನ ತಿಂಗಳು ಮೊಣಕೈ ಹರಿದದ್ದು ಗೊತ್ತಾಯಿತು. ಶಸ್ತ್ರಚಿಕಿತ್ಸೆ, ಒಂದು ಪೂರ್ತಿ ವರ್ಷದ ವಿಶ್ರಾಂತಿ. 2015ರಲ್ಲಿ ಮರಳಿದರು. ಹೊಸದಾಗಿ ಕಟ್ಟಿದ ಕೈ, ಈ ವರ್ಷ 180 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆಯಬಾರದು ಎಂದು ಅವರ ಏಜೆಂಟ್ ಸ್ಕಾಟ್ ಬೋರಾಸ್ ಸೆಪ್ಟೆಂಬರಿನಲ್ಲಿ ಎತ್ತಿಹೇಳಿದರು. ತಂಡ ಗೆಲ್ಲುವ ಹಂತದಲ್ಲಿತ್ತು. ಪತ್ರಿಕೆಗಳೂ ಅಭಿಮಾನಿಗಳೂ ಹಾರ್ವಿಯ ಮೇಲೆ ಮುಗಿಬಿದ್ದರು: ಸ್ವಾರ್ಥಿ, ತಂಡಕ್ಕಿಂತ ತನ್ನ ಕೈಯೇ ದೊಡ್ಡದಾಯಿತೇ ಎಂದು. ಹಾರ್ವಿ ಮಣಿದರು. ನವೆಂಬರ್ 1ರಂದು ಲೀಗಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಐದನೇ ಪಂದ್ಯದಲ್ಲಿ ಎಂಟು ಇನ್ನಿಂಗ್ಸ್ ಎಸೆದು ಕಾನ್ಸಾಸ್ ಸಿಟಿ ತಂಡಕ್ಕೆ ಒಂದು ರನ್ನೂ ಕೊಡಲಿಲ್ಲ. ಸಾಕು ಎಂದ ಮ್ಯಾನೇಜರ್ ಟೆರಿ ಕಾಲಿನ್ಸ್ ಅವರನ್ನು ಒಪ್ಪಿಸಿ, ಸಾಮಾನ್ಯವಾಗಿ ಪಂದ್ಯ ಮುಗಿಯುವ ಒಂಬತ್ತನೆಯ ಇನ್ನಿಂಗ್ಸ್‌ಗೂ ಮೈದಾನಕ್ಕೆ ಓಡಿದರು. ಇಡೀ ಕ್ರೀಡಾಂಗಣ ಅವರ ಹೆಸರು ಕೂಗುತ್ತಿತ್ತು. ಆ ಇನ್ನಿಂಗ್ಸ್‌ನಲ್ಲಿ ಮೇಲುಗೈ ಕರಗಿತು, ಪಂದ್ಯವೂ ಹೋಯಿತು, ಸರಣಿಯೂ ಹೋಯಿತು. ಆ ವರ್ಷ ಅವರು ಎಸೆದದ್ದು ಒಟ್ಟು 216 ಇನ್ನಿಂಗ್ಸ್. ಆ ಶಸ್ತ್ರಚಿಕಿತ್ಸೆಯಿಂದ ಮರಳಿದ ಮೊದಲ ವರ್ಷದಲ್ಲಿ ಅಷ್ಟು ಎಸೆದವರು ಅವರಿಗೆ ಮೊದಲು ಯಾರೂ ಇರಲಿಲ್ಲ. ಮರುವರ್ಷ ಭುಜದ ಬಳಿ ನರಗಳು ಅದುಮಿಕೊಂಡು, ಒಂದು ಪಕ್ಕೆಲುಬನ್ನೇ ತೆಗೆಯಬೇಕಾಯಿತು. ಹಳೆಯ ಹಾರ್ವಿ ಮತ್ತೆ ಬರಲೇ ಇಲ್ಲ.

ಕೈ ಕಾಪಾಡಿಕೊಳ್ಳುತ್ತೇನೆ ಎಂದಾಗ ಬೈಗುಳ, ಕೈ ಕಳೆದುಕೊಂಡಾಗ ಚಪ್ಪಾಳೆ. 2019ರಲ್ಲಿ ಏಂಜಲ್ಸ್ ತಂಡದ ಡ್ರೆಸ್ಸಿಂಗ್ ರೂಮಿಗೆ ಬಂದ ಹಾರ್ವಿ ಇದನ್ನು ಮೈಮೇಲೆ ಹೊತ್ತುಕೊಂಡೇ ಬಂದರು. ಅವರು ತಾವೂ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಕೊಕೇನ್ ಚಟವೂ ಇತ್ತು. ಇದನ್ನೆಲ್ಲ ನ್ಯಾಯಾಲಯದಲ್ಲಿ ತಾವಾಗಿ ಹೇಳಿದರು. ಆಟಗಾರರು ಮೈದಾನದಲ್ಲಿ ಉಳಿಯಲು ಏನು ಬೇಕಾದರೂ ಮಾಡುತ್ತಾರೆ ಎಂಬುದು ಅವರ ಸಾಕ್ಷ್ಯದ ಸಾರ. ಪಕ್ಕದ ಲಾಕರಿನವನು ನೋವಿನಲ್ಲಿ ಹಲ್ಲು ಕಚ್ಚುತ್ತಿದ್ದರೆ, ನನ್ನ ಚೀಲದಲ್ಲಿ ಮಾತ್ರೆ ಇದ್ದರೆ, ಕೊಡದಿರುವುದೇ ಆ ಕೋಣೆಯಲ್ಲಿ ಕೆಟ್ಟತನ ಎನಿಸುತ್ತದೆ. ಆ ಭಾವನೆ ಸುಳ್ಳಲ್ಲ ಎಂದು ನಾನು ನಂಬುತ್ತೇನೆ. ಆದ್ದರಿಂದಲೇ ಅದು ಇಷ್ಟು ಅಪಾಯಕಾರಿ.

ಪರ್ಕೊಸೆಟ್ ಎಂದರೆ ನಮ್ಮ ಮನೆಗಳಲ್ಲೆಲ್ಲ ಇರುವ ಪ್ಯಾರಸಿಟಮಾಲ್ ಜೊತೆಗೆ ಆಕ್ಸಿಕೊಡೋನ್ ಎಂಬ ಅಫೀಮು ಬಗೆಯ ಔಷಧ ಸೇರಿಸಿದ ಮಾತ್ರೆ. ಕಂಪನಿಯಲ್ಲಿ ತಯಾರಾದದ್ದು, ಅಳತೆ ಗೊತ್ತು. ಆದರೆ ಒಗ್ಗಿಹೋದ ದೇಹ ಹೆಚ್ಚು ಕೇಳುತ್ತದೆ, ವೈದ್ಯರು ಕೊಡುವುದಿಲ್ಲ, ಬೀದಿಯ ಮಾಲು ಬರುತ್ತದೆ. ಸ್ಕ್ಯಾಗ್ಸ್ ಕೋಣೆಯಲ್ಲಿ ಸಿಕ್ಕ ಮಾತ್ರೆಗಳಲ್ಲಿ ಒಂದು ನೀಲಿ ಬಣ್ಣದ್ದು. ನೋಡಲು 30 ಮಿಲಿಗ್ರಾಂನ ಅಸಲಿ ಆಕ್ಸಿಕೊಡೋನ್‌ನಂತೆಯೇ ಅಚ್ಚು ಹಾಕಿತ್ತು. ಒಳಗಿದ್ದದ್ದು ಫೆಂಟನಿಲ್. ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ತೀಕ್ಷ್ಣ. ಒಗ್ಗದವರಿಗೆ ಎರಡು ಮಿಲಿಗ್ರಾಂ ಸಾಕು ಪ್ರಾಣಕ್ಕೆ ಕುತ್ತು ತರಲು. ಕಳ್ಳ ಗೂಡಿನಲ್ಲಿ ಮಾತ್ರೆ ಒತ್ತುವವರು ಪುಡಿಯನ್ನು ಸಮನಾಗಿ ಬೆರೆಸುವುದಿಲ್ಲ. ಹಿಟ್ಟಿಗೆ ಉಪ್ಪು ಹಾಕಿ ಸರಿಯಾಗಿ ನಾದದೆ ಬಿಟ್ಟರೆ ಒಂದು ರೊಟ್ಟಿ ಸಪ್ಪೆ, ಇನ್ನೊಂದು ಬಾಯಿಗಿಡಲಾಗದು. ಹಾಗೆ ಒಂದೇ ಪೊಟ್ಟಣದ ಒಂದು ಮಾತ್ರೆಯಿಂದ ನಿದ್ದೆ ಬಂದರೆ ಇನ್ನೊಂದರಿಂದ ಉಸಿರು ನಿಲ್ಲುತ್ತದೆ. ನಿನ್ನೆ ನನಗೇನೂ ಆಗಲಿಲ್ಲ, ನೀನೂ ತಗೋ ಎಂಬ ಭರವಸೆಗೆ ಇಲ್ಲಿ ಕಿಂಚಿತ್ತೂ ಬೆಲೆಯಿಲ್ಲ.

ಸ್ಕ್ಯಾಗ್ಸ್‌ಗೆ ಆ ಫೆಂಟನಿಲ್ ಮಾತ್ರೆ ಕೊಟ್ಟವರು ತಂಡದ ಸಂಪರ್ಕ ವಿಭಾಗದ ನಿರ್ದೇಶಕ ಎರಿಕ್ ಕೇ ಎಂದು ಜ್ಯೂರಿ ತೀರ್ಮಾನಿಸಿತು. ಪತ್ರಕರ್ತರೊಂದಿಗೆ ವ್ಯವಹರಿಸುವುದು ಅವರ ಕೆಲಸ. ಅವರೂ ಚಟಕ್ಕೆ ಸಿಲುಕಿದವರೇ. ಹಾರ್ವಿ ಸೇರಿ ಹಲವು ಆಟಗಾರರು, ತಮಗೂ ಕೇ ಮಾತ್ರೆ ತಂದುಕೊಟ್ಟಿದ್ದರು ಎಂದು ಸಾಕ್ಷಿ ನುಡಿದರು. ಫೆಂಟನಿಲ್ ಇಲ್ಲದಿದ್ದರೆ ಸ್ಕ್ಯಾಗ್ಸ್ ಬದುಕಿರುತ್ತಿದ್ದರೇ ಎಂಬುದು ಮೊಕದ್ದಮೆಯ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಬದುಕಿರುತ್ತಿದ್ದರು ಎಂದು ಜ್ಯೂರಿ ನಂಬಿತು. ಸಾವಿಗೆ ಕಾರಣವಾದ ಮಾದಕ ವಸ್ತು ವಿತರಣೆಗೆ ಅಲ್ಲಿನ ಕಾನೂನಿನಲ್ಲಿ ಕನಿಷ್ಠ 20 ವರ್ಷ ಜೈಲು. 2022ರ ಅಕ್ಟೋಬರಿನಲ್ಲಿ ಕೇಗೆ 22 ವರ್ಷ ವಿಧಿಸಿದರು. ಸಾಕ್ಷಿ ಹೇಳಿದ್ದಕ್ಕೆ ಪ್ರತಿಯಾಗಿ ಹಾರ್ವಿಗೆ ಮೊಕದ್ದಮೆಯಿಂದ ರಕ್ಷಣೆ ಸಿಕ್ಕಿತ್ತು.

ಬೇಸ್‌ಬಾಲ್ ಇಂಥದ್ದನ್ನು ಮೊದಲೇ ಕಂಡಿತ್ತು. 1985ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನಡೆದ ಕೊಕೇನ್ ವಿಚಾರಣೆಯಲ್ಲಿ ಕೀತ್ ಹೆರ್ನಾಂಡೆಜ್, ಡೇವ್ ಪಾರ್ಕರ್‌ರಂಥ ದೊಡ್ಡ ಆಟಗಾರರು ಇದೇ ರೀತಿ ರಕ್ಷಣೆ ಪಡೆದು ಸಾಕ್ಷಿ ಹೇಳಿದರು. ಶಿಕ್ಷೆಯಾದದ್ದು ಕರ್ಟಿಸ್ ಸ್ಟ್ರಾಂಗ್ ಎಂಬ ಅಡುಗೆ ಗುತ್ತಿಗೆದಾರನಂಥ ಹೊರಗಿನವರಿಗೆ. ಆಟಗಾರರ ಮೇಲೆ ಲೀಗ್ ಹೊರಿಸಿದ ಅಮಾನತನ್ನು, ಸಂಬಳದ ಒಂದು ಭಾಗ ದಾನ ಕೊಟ್ಟು ತಪ್ಪಿಸಿಕೊಳ್ಳುವ ದಾರಿಯಿತ್ತು. ಎಸೆಯುವ ತೋಳು, ಹೊಡೆಯುವ ತೋಳು ಇದ್ದವರು ಮೈದಾನಕ್ಕೆ ಮರಳಿದರು; ತಂದುಕೊಟ್ಟವನು ಒಳಗೆ ಹೋದ. ಇದು ನ್ಯಾಯವೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಹಾಗಾದರೆ ಹೊಣೆ ಯಾರದು? ಸ್ಕ್ಯಾಗ್ಸ್ ವಯಸ್ಕರು, ತಾವೇ ತೆಗೆದುಕೊಂಡರು. ಕೇ ತಂದುಕೊಟ್ಟರು. ಹಾರ್ವಿ ಬೇರೆ ದಿನ ಬೇರೆ ಮಾತ್ರೆ ಕೊಟ್ಟರು. ತಂಡದ ಆಡಳಿತಕ್ಕೆ ಕೇಯ ಚಟ ಗೊತ್ತಿತ್ತು, ಆದರೂ ಆಟಗಾರರ ನಡುವೆ ಬಿಟ್ಟಿತು ಎಂದು ಸ್ಕ್ಯಾಗ್ಸ್ ಕುಟುಂಬ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ಮಾತ್ರೆ ನುಂಗಿದ್ದು ಸ್ಕ್ಯಾಗ್ಸ್ ಅವರ ಖಾಸಗಿ ಆಯ್ಕೆ, ನಮ್ಮ ತಪ್ಪಲ್ಲ ಎಂದು ತಂಡ ವಾದಿಸಿತು. 2025ರ ಕೊನೆಯಲ್ಲಿ ಎರಡು ತಿಂಗಳು ವಿಚಾರಣೆ ನಡೆದು, ಜ್ಯೂರಿ ಇನ್ನೂ ಚರ್ಚಿಸುತ್ತಿರುವಾಗಲೇ ಡಿಸೆಂಬರಿನಲ್ಲಿ ರಾಜಿಯಾಯಿತು. ಎಷ್ಟು ಹಣ ಎಂಬುದನ್ನು ಬಹಿರಂಗಪಡಿಸಲಿಲ್ಲ, ಯಾರ ಪಾಲು ಎಷ್ಟು ಎಂಬ ತೀರ್ಪೂ ಹೊರಬರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಹೊಣೆ ಹೊರುವವರು ಹೆಚ್ಚಾದಷ್ಟೂ ಒಬ್ಬೊಬ್ಬರ ಹೊಣೆ ಕಡಿಮೆಯಾಗುತ್ತದೆ ಎಂಬುದು ತಪ್ಪು ಲೆಕ್ಕ. ತಂಡದ ಹೊಣೆ ಪೂರ್ತಿಯಾಗಿ ತಂಡದ್ದು, ಹಾರ್ವಿಯ ಹೊಣೆ ಪೂರ್ತಿಯಾಗಿ ಹಾರ್ವಿಯದು. ಕೊಟ್ಟದ್ದು ಪ್ರೀತಿಯಿಂದ ಎಂಬುದರಿಂದ ಅದು ಕರಗುವುದಿಲ್ಲ. ಜೊತೆಗಾರನಿಗೆ ಮಾತ್ರೆ ಕೊಡುವವನು ಆ ಹೊತ್ತಿಗೆ ಅವನ ವೈದ್ಯನಾಗುತ್ತಾನೆ. ಬೇರೇನು ನುಂಗಿದ್ದಾನೆ, ಎಷ್ಟು ಕುಡಿದಿದ್ದಾನೆ, ಹಿಂದೆ ಈ ಚಟದಿಂದ ಹೊರಬಂದವನೇ, ಇದೊಂದನ್ನೂ ಕೇಳದ ವೈದ್ಯ. ಸ್ಕ್ಯಾಗ್ಸ್ ಪರ್ಕೊಸೆಟ್‌ನಿಂದ 2013ರಲ್ಲೇ ಕಷ್ಟಪಟ್ಟಿದ್ದರು ಎಂದು ಅವರ ತಾಯಿ ನ್ಯಾಯಾಲಯದಲ್ಲಿ ಹೇಳಿದರು. ಅದೇ ಹೆಸರಿನ ಮಾತ್ರೆ ಆರು ವರ್ಷಗಳ ನಂತರ ಗೆಳೆಯನ ಕೈಯಿಂದ ಬಂತು.

2022ರ ಮೇ ತಿಂಗಳಲ್ಲಿ ಲೀಗ್ ಹಾರ್ವಿಯನ್ನು 60 ಪಂದ್ಯಗಳಿಂದ ಹೊರಗಿಟ್ಟಿತು. ಕಾರಣ, ನಿಷೇಧಿತ ವಸ್ತುವಿನ ವಿತರಣೆ. ಆಗ ಅವರು ಬಾಲ್ಟಿಮೋರಿನ ಓರಿಯೋಲ್ಸ್ ತಂಡದೊಂದಿಗೆ ಮೈನರ್ ಲೀಗ್ ಒಪ್ಪಂದದಲ್ಲಿದ್ದರು. ಶಿಕ್ಷೆ ಮುಗಿಸಿ ವರ್ಜೀನಿಯಾದ ನಾರ್ಫಕ್ ತಂಡದಲ್ಲಿ ಎಸೆಯುತ್ತ ಮೇಲಿನ ಕರೆಗೆ ಕಾದರು. ಹಿಂದಿನ ವರ್ಷ 110 ಪಂದ್ಯ ಸೋತಿದ್ದ ಓರಿಯೋಲ್ಸ್ ಆ ವರ್ಷ 83 ಗೆದ್ದಿತು. ಆಗಸ್ಟಿನಲ್ಲಿ ನಾರ್ಫಕ್‌ನಿಂದಲೇ ಡಿ. ಎಲ್. ಹಾಲ್ ಎಂಬ ಎಳೆಯ ಎಡಗೈ ಪಿಚರ್‌ಗೆ ಕರೆ ಬಂತು. ಹಾರ್ವಿಗೆ ಬರಲಿಲ್ಲ. 2023ರ ವಸಂತದಲ್ಲಿ ಇಟಲಿ ತಂಡಕ್ಕಾಗಿ ವಿಶ್ವ ಬೇಸ್‌ಬಾಲ್ ಟೂರ್ನಿಯಲ್ಲಿ ಎಸೆದು, ಮೇ ತಿಂಗಳಲ್ಲಿ ನಿವೃತ್ತಿ ಹೇಳಿದರು. ಅವರನ್ನು ಕರೆಯಬೇಕಿತ್ತೇ? ಶಿಕ್ಷೆ ಮುಗಿಸಿದವನ ತೋಳಿನಲ್ಲಿ ಶಕ್ತಿಯಿದ್ದರೆ ಕರೆಯಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಆ 60 ಪಂದ್ಯಗಳು ಹೆಚ್ಚಾದವು ಎಂದು ವಾದಿಸುವವರ ಜೊತೆ ನಾನಿಲ್ಲ. ನಿಜ ಹೇಳಿದ್ದಕ್ಕೆ ಶಿಕ್ಷೆ ಎಂಬುದು ಅವರ ವಾದ. ಶಿಕ್ಷೆ ಆದದ್ದು ಮಾತ್ರೆ ಕೊಟ್ಟದ್ದಕ್ಕೆ. ನಿಜ ಹೇಳಿದ್ದಕ್ಕೆ ಹಾರ್ವಿಗೆ ಜೈಲು ತಪ್ಪಿತು.

ಈ ಮಾತು ದೂರದ ಅಮೆರಿಕದ್ದೆಂದು ಯಾರಾದರೂ ರೇಡಿಯೊ ಬಂದ್ ಮಾಡುವ ಮೊದಲು ಒಂದು ಕ್ಷಣ. ಆಕ್ಸಿಕೊಡೋನ್ ನಮ್ಮಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಅದೇ ಬಗೆಯ ಟ್ರಮಡಾಲ್ ಎಂಬ ನೋವಿನ ಔಷಧ ಸಿಗುತ್ತಿತ್ತು. 2018ರಲ್ಲಿ ಭಾರತ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದಿತು. 2024ರ ಜನವರಿಯಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಸ್ಪರ್ಧೆಯ ವೇಳೆ ಅದನ್ನು ನಿಷೇಧಿಸಿದೆ. ನಮ್ಮ ಕ್ರಿಕೆಟ್ ಹುಡುಗರಿಗೂ ಕಬಡ್ಡಿ ಹುಡುಗಿಯರಿಗೂ ಈ ನಿಯಮ ಅನ್ವಯಿಸುತ್ತದೆ. ಗೆಳತಿ ಕೊಟ್ಟ ಮಾತ್ರೆ, ಏನೆಂದು ಗೊತ್ತಿರಲಿಲ್ಲ ಎಂಬ ಉತ್ತರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವುದಿಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಬದಲಾವಣೆಗಳೂ ಆಗಿವೆ. 2019ರ ಡಿಸೆಂಬರಿನಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡು, ಮೇಲಿನ ಲೀಗಿನವರಿಗೂ ಅಫೀಮು ಬಗೆಯ ಔಷಧಗಳ ಪರೀಕ್ಷೆ ತಂದವು. ಸಿಕ್ಕಿಬಿದ್ದವನಿಗೆ ಮೊದಲು ಚಿಕಿತ್ಸೆ. ಚಿಕಿತ್ಸೆಗೆ ಸಹಕರಿಸದಿದ್ದರೆ ಮಾತ್ರ ಶಿಕ್ಷೆ. ನಿಂತ ಉಸಿರನ್ನು ಮರಳಿಸಬಲ್ಲ ನಲಾಕ್ಸೋನ್ ಔಷಧ 2024ರಿಂದ ಪ್ರತಿ ಮೈದಾನದ ಡ್ರೆಸ್ಸಿಂಗ್ ರೂಮಿನಲ್ಲೂ ಇರಬೇಕು, ಪ್ರವಾಸದಲ್ಲೂ ತಂಡದ ಜೊತೆ ಹೋಗಬೇಕು. ಇವೆರಡೂ ಒಳ್ಳೆಯ ಕೆಲಸ. ಆದರೂ ಒಂದು ಕಡೆ ಇನ್ನೂ ಸಿಕ್ಕು ಉಳಿದಿದೆ. ಸೇವಿಸಿದವನಿಗೆ ಚಿಕಿತ್ಸೆ, ಹಂಚಿದವನಿಗೆ ನಿಷೇಧ ಎಂದು ನಿಯಮ ಗೆರೆ ಎಳೆಯುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲಿ ಇವರಿಬ್ಬರೂ ಹೆಚ್ಚಾಗಿ ಒಬ್ಬರೇ. ಸೋಮವಾರ ಪಡೆದವನು ಗುರುವಾರ ಕೊಡುತ್ತಾನೆ. ಚಿಕಿತ್ಸೆಗೆ ಬಂದವನನ್ನು ಮಾತ್ರೆ ಎಲ್ಲಿಂದ ಬಂತು ಎಂದು ಕೇಳಿದರೆ ಅವನು ಗೆಳೆಯನ ಹೆಸರು ಹೇಳಬೇಕು, ಇಲ್ಲವೇ ತಾನೂ ಕೊಟ್ಟದ್ದನ್ನು ಒಪ್ಪಬೇಕು. ಹೇಳಿದರೆ ಒಂದು ಜಾಗ ಖಾಲಿಯಾಗುತ್ತದೆ, ಕೆಳಗಿನಿಂದ ಇನ್ನೊಬ್ಬನಿಗೆ ಕರೆ ಹೋಗುತ್ತದೆ. ಅವನು ಸುಮ್ಮನಾಗುತ್ತಾನೆ. ಯಾರಿಗೂ ಏನೂ ಆಗುವ ಮೊದಲೇ ತಾನಾಗಿ ಬಂದು, ನಾನು ಇಂಥವನಿಗೆ ಕೊಟ್ಟಿದ್ದೇನೆ, ಅವನನ್ನು ನೋಡಿಕೊಳ್ಳಿ ಎಂದು ತಂಡದ ಹೊರಗಿನ ವೈದ್ಯರೊಬ್ಬರಿಗೆ ಹೇಳುವ ಆಟಗಾರನಿಗೂ ಅದೇ ಚಿಕಿತ್ಸೆಯ ದಾರಿ ತೆರೆಯಬೇಕು. ಮುಂದಿನ ಒಪ್ಪಂದಕ್ಕೆ ಕೂರುವಾಗ ಆಟಗಾರರ ಸಂಘ ಮೊದಲು ಕೇಳಬೇಕಾದ್ದು ಇದನ್ನೇ.